ಸೆಲೇನಾ ಮೋರಾಳ ಕಣ್ಣುಗಳು

೧೯೧೬ ನವೆಂಬರ್ ೭, ಮಂಗಳವಾರ

ಸ್ಟುಡಿಯೋದಿಂದ ಬಂದ ಫೀನಾಗೆ ಗಾಡಿಯಿಂದ ಇಳಿಯುವುದಕ್ಕೇ ಆಗಲಿಲ್ಲ. ಎರಡು ಕಣ್ಣೂ ಬಾತು ಮುಚ್ಚಿಕೊಂಡಿದ್ದವು. ನಾನೂ ಅಡುಗೆಯ ಪಿನೋತಕ್ಕನೂ ಆಚೀಚೆ ಹಿಡಿದು ಮೆಟ್ಟಿಲು ಹತ್ತಿಸಿದೆವು.

“ಅಕ್ಕಾ, ಕಣ್ಣಿಗೆ ಯಾರೋ ಬಿಸಿ ಮರಳು ಎರಚಿದ ಹಾಗಿದೆ ಕಣೇ. ಪರದೆ ಎಳೆ. ಬೇಗ ಎಳೆ.”

ಎಲ್ಲ ಆ ದೀಪಗಳ ಕೆಲಸ. ಚಳಿಗಾಲ ಬಂದರೆ ಪೋ ನದಿಯ ಮಂಜು ಸ್ಟುಡಿಯೋದ ಗಾಜಿನ ಮಾಡಿನ ಮೇಲೆ ಬಂದು ಕೂರುತ್ತದೆ. ಬಿಸಿಲನ್ನು ನಂಬಿ ಪಿಕ್ಚರ್ ತೆಗೆಯಲಾಗದು ಎಂದು ಬೆರ್ಜೆಸಿಯೋ ಯಜಮಾನರು ಈ ವರ್ಷ ಬರ್ಲಿನ್ ಕಡೆಯ ಆರ್ಕ್ ದೀಪಗಳನ್ನು ಹೊರಗೆ ತೆಗೆಸಿದ್ದಾರೆ, ಯುದ್ಧ ಶುರುವಾಗುವ ಮೊದಲೇ ಕೊಂಡಿಟ್ಟಿದ್ದವಂತೆ. ಮುಂದೆ ಗಾಜಿಲ್ಲ, ಮರೆಯಿಲ್ಲ. ಉರಿಯುವಾಗ ಹಾವಿನ ಹಾಗೆ ಬುಸುಗುಡುತ್ತವೆ. ಅವುಗಳನ್ನೇ ನೆಟ್ಟ ನೋಟದಿಂದ ನೋಡುತ್ತ ಇವಳು ಕಥೆಯ ಪ್ರಿಯಕರನಿಗಾಗಿ ಕಾಯಬೇಕು. ಬೆಳಗಿನಿಂದ ಸಂಜೆಯವರೆಗೆ ಕಾದಿದ್ದಾಳೆ.

ಹಸಿ ಆಲೂಗಡ್ಡೆಯ ಬಿಲ್ಲೆ ಕಣ್ಣಿನ ಮೇಲಿಟ್ಟು ಪಕ್ಕದಲ್ಲಿ ಕೂತೆ. ಬೋರ್ಗೋ ದೋರಾ ಕೇರಿಯ ಒಂದೇ ಕೋಣೆಯಲ್ಲಿ ಇವಳಿಗೆ ದಡಾರ ಬಂದಾಗಲೂ ಹೀಗೆಯೇ ಕೂತಿದ್ದೆ. ಅಮ್ಮ ಹೊಳೆಗೆ ಬಟ್ಟೆ ಒಗೆಯಲು ಹೋಗುತ್ತಿದ್ದಳು, ನಾನು ಪಾದ್ರಿಗಳ ನಿಲುವಂಗಿಗೆ ಕಸೂತಿ ಹಾಕುತ್ತ ಇವಳನ್ನು ನೋಡಿಕೊಳ್ಳುತ್ತಿದ್ದೆ. ಕೈಗವಸಿನ ಅಂಗಡಿಯಲ್ಲಿ ನಿಂತಿದ್ದ ಹುಡುಗಿಯನ್ನು ಯಜಮಾನರು ಕಂಡದ್ದು, ಡೆಲ್ಫಿನಾ ಪೆರೋನಾ ಹೋಗಿ ಸೆಲೇನಾ ಮೋರಾ ಆದದ್ದು ಎಲ್ಲ ಆಮೇಲೆ. ನನ್ನ ಪಾಲಿಗೆ ಇವಳು ಫೀನಾ.

ಇನ್ನು ಆ ದೀಪದ ಮುಂದೆ ಇವಳನ್ನು ನಿಲ್ಲಿಸಲು ನಾನು ಬಿಡುವುದಿಲ್ಲ. ಯಾರೇ ಬರಲಿ. ಬರೆದಿಟ್ಟಿದ್ದೇನೆ.

ನವೆಂಬರ್ ೧೦

ಡಾಕ್ಟರ್ ಒಲಿವೇರೋ ಬಂದು ನೋಡಿದರು. ಕರಿಗುಡ್ಡೆಯ ಮೇಲೆ ಹುಣ್ಣಾಗಿದೆಯಂತೆ. “ಕತ್ತಲಲ್ಲಿ ಇಡಿ. ಚಳಿಗಾಲ ಕಳೆಯೋವರೆಗೆ ಆ ದೀಪದ ಸಹವಾಸ ಬೇಡ. ಹುಣ್ಣು ಮಾಗಿ ಕಲೆ ಉಳಿದ್ರೆ ಆಮೇಲೆ ದೇವರೇ ಬಂದ್ರೂ ಒರೆಸೋಕಾಗಲ್ಲ” ಎಂದರು.

ಮಧ್ಯಾಹ್ನ ಯಜಮಾನರು ಬಂದರು. ಒಂದು ಕೈಯಲ್ಲಿ ಹೂ, ಇನ್ನೊಂದರಲ್ಲಿ ಸಕ್ಕರೆಯಲ್ಲಿ ಅದ್ದಿದ ಚೆಸ್ಟ್‌ನಟ್ ಡಬ್ಬಿ. ಅವರು ಬಾಯಿ ತೆರೆಯುವ ಮೊದಲೇ ನಾನು ನೆಟ್ಟಗೆ ಹೇಳಿಬಿಟ್ಟೆ: “ಅವಳು ಬರಲ್ಲ.”

ಅವರು ಸಿಟ್ಟಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

“ಬರದಿದ್ರೆ ಬೇಡಮ್ಮ. ಬಲವಂತ ಯಾಕೆ? ಆದ್ರೆ ಸೆಲೇನಾ ಮೋರಾ ಇಲ್ದೆ ನನ್ನ ಕಂಪನಿ ನಡೆಯಲ್ಲವಲ್ಲ. ಇನ್ನೊಬ್ಬ ಸೆಲೇನಾನ ಹುಡುಕ್ಬೇಕಾಗುತ್ತೆ.”

“ಇನ್ನೊಬ್ಬಳು ಅಂದ್ರೆ?”

“ಹೆಸರು ಕಂಪನೀದು. ಆ ಹೆಸರನ್ನ ನಾನು ಯಾರಿಗೆ ಬೇಕಾದ್ರೂ ಕೊಡಬಹುದು. ಈ ಮನೆಯೂ ಆ ಹೆಸರಿಗೇ ಕೊಟ್ಟಿದ್ದು.”

ನಾನು ಫೀನಾಳ ಕಡೆ ನೋಡಿದೆ. ಕಣ್ಣಿನ ಮೇಲೆ ಬಟ್ಟೆ ಕಟ್ಟಿದ್ದೆವು. ಬಾಯಿ ಮಾತ್ರ ಕಾಣುತ್ತಿತ್ತು. “ಏಳು ವರ್ಷ ಆ ಹೆಸರಲ್ಲಿ ಅತ್ತಿದ್ದೀನಿ ಯಜಮಾನ್ರೇ” ಎಂದಳು.

“ಹೌದಮ್ಮ. ಎಷ್ಟು ಚೆನ್ನಾಗಿ ಅತ್ತಿದ್ದೀ!” ಎಂದು ಅವರು ಅವಳ ತಲೆ ಸವರಿ ಎದ್ದರು.

ನವೆಂಬರ್ ೧೩

ಹೋದಳು. ಮತ್ತೆ ಆ ದೀಪಗಳ ಮುಂದೆಯೇ. ನಾನೇನು ಮಾಡಲಿ?

ಡಿಸೆಂಬರ್ ೧೩, ಸಂತ ಲೂಚಿಯಾ ಹಬ್ಬ

ಕಣ್ಣಿನ ತಾಯಿಯ ಹಬ್ಬವೆಂದು ಫೀನಾಳನ್ನು ಕೊನ್ಸೊಲಾತಾ ಇಗರ್ಜಿಗೆ ಕರೆದುಕೊಂಡು ಹೋಗಿದ್ದೆ. ಮುಸುಕು ಹಾಕಿಕೊಂಡಿದ್ದರಿಂದ ಯಾರೂ ಗುರುತಿಸಲಿಲ್ಲ. ಗೋಡೆಯ ತುಂಬ ಹರಕೆಯ ಬೆಳ್ಳಿ ಕಣ್ಣು, ಬೆಳ್ಳಿ ಕಾಲು. ನಾನೂ ಒಂದು ಜೋಡಿ ಕಣ್ಣು ಕೊಂಡೊಯ್ದಿದ್ದೆ. ಮೊಳೆಗೆ ನೇತುಹಾಕು ಎಂದು ಅವಳ ಕೈಗೇ ಕೊಟ್ಟೆ. ಅವಳು ಬೆರಳಲ್ಲಿ ಗೋಡೆ ತಡವುತ್ತ ನಿಂತಳು. ಮೊಳೆ ಮೂಗಿನ ನೇರಕ್ಕೇ ಇತ್ತು.

“ಎಷ್ಟು ಕತ್ತಲೆ ಇಲ್ಲಿ! ಪಾದ್ರಿಗಳು ಮೇಣ ಉಳಿಸ್ತಿದ್ದಾರೇನೋ” ಎಂದು ನಕ್ಕಳು.

ಸುತ್ತ ನೂರಾರು ಮೇಣದ ಬತ್ತಿ ಉರಿಯುತ್ತಿದ್ದವು. ನಾನು ಅವಳ ಕೈಹಿಡಿದು ಮೊಳೆಯ ಹತ್ತಿರ ತಂದೆ. ಮನೆಗೆ ಬಂದು ಅವಳು ಮಲಗಿದ ಮೇಲೆ ಪಿನೋತಕ್ಕನ ಹೆಗಲಿಗೆ ತಲೆಯಿಟ್ಟು ಅತ್ತೆ. ಪಿನೋತಕ್ಕ ಅಮ್ಮನ ಜತೆ ದೋರಾ ಹೊಳೆಯಲ್ಲಿ ಬಟ್ಟೆ ಒಗೆದವಳು. “ಬಿಡಿಸಿಕೊಂಡು ಬಾರೇ ಆ ಹುಡುಗೀನ. ಬೋರ್ಗೋ ದೋರಾಕ್ಕೆ ವಾಪಸ್ ಹೋದ್ರೆ ಹೊಟ್ಟೆಗೆ ಒಂದು ಮುದ್ದೆ ಪೊಲೆಂತಾ ಸಿಗಲ್ವೇನೇ?” ಎಂದಳು.

ಸಿಗುತ್ತದೆ. ಆದರೆ ಫೀನಾಗೆ ಅದು ಒಗ್ಗುತ್ತದೆಯೇ? ಅವಳ ಬಗ್ಗೆಯೂ ಯೋಚಿಸಬೇಕಲ್ಲ.

೧೯೧೭ ಜನವರಿ ೧೯

ಅವಳ ಜತೆ ನಾನೂ ಸ್ಟುಡಿಯೋಗೆ ಹೋಗುತ್ತೇನೆ, ಈಗ ಒಬ್ಬಳೇ ಕಳಿಸುವ ಹಾಗಿಲ್ಲ. ಇವತ್ತಿನ ಕಥೆಯಲ್ಲಿ ರಾಣಿ ಬಾಗಿಲು ತೆರೆದು ಒಳಬಂದು, ಮೇಜಿನ ಮೇಲಿನ ಕತ್ತಿಯನ್ನು ನೋಡಿ ಬೆಚ್ಚಬೇಕು. ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದ್ದರು. ಫೀನಾ ಒಳಬಂದವಳು ಗುರುತು ದಾಟಿ ಮೇಜಿಗೇ ಡಿಕ್ಕಿ ಹೊಡೆದಳು. ಎರಡನೆಯ ಸಲ ಕುರ್ಚಿ ಬಿತ್ತು. ಮೂರನೆಯ ಸಲಕ್ಕೆ ಯಜಮಾನರು ಹ್ಯಾಟು ತೆಗೆದು ನೆಲಕ್ಕೆ ಬಡಿದರು.

“ಕುಡಿದಿದ್ದೀಯೇನೇ? ಸುರುಳಿ ಸುರುಳಿ ಫಿಲಂ ಹಾಳಾಗ್ತಿದೆ!”

ಮೂಲೆಯಲ್ಲಿ ಪಿಟೀಲು ನುಡಿಸುವ ಎವಾಜಿಯೋ ಕಮಾನು ಕೆಳಗಿಳಿಸಿದ. ನಟರಿಗೆ ಭಾವ ಬರಲೆಂದು ಅವನನ್ನು ಇಟ್ಟುಕೊಂಡಿದ್ದಾರೆ. ಕಾಸಾಲೆ ಊರಿನವನು, ಒಂದು ಕಾಲು ಸೊಟ್ಟ, ಅದರಿಂದಲೇ ಯುದ್ಧಕ್ಕೆ ಕರೆ ಬಂದಿಲ್ಲ. “ಯಜಮಾನ್ರೇ, ಅವರಿಗೆ ಕಾಣ್ತಿಲ್ಲ” ಎಂದ.

“ನಿನ್ನ ಯಾರು ಕೇಳಿದ್ರು? ಕುಯ್ಯಿ ನೀನು.”

ನಾಲ್ಕನೆಯ ಸಲ ಕ್ಯಾಮೆರಾದ ಹಿಡಿ ತಿರುಗತೊಡಗಿದಾಗ ನನಗೆ ತಡೆಯಲಾಗಲಿಲ್ಲ. ಕ್ಯಾಮೆರಾದ ಪಕ್ಕಕ್ಕೇ ಹೋಗಿ ನಿಂತು, “ನಿಲ್ಲು ಫೀನಾ. ಸ್ವಲ್ಪ ಎಡಕ್ಕೆ. ಈಗ ಬಾ, ಬಾ, ಸಾಕು. ಬಲಗೈ ಹತ್ರ ಮೇಜು. ಕತ್ತಿ ಅಲ್ಲೇ ಇದೆ. ನೋಡು ಅದನ್ನ!” ಎಂದೆ. ಅವಳು ಬೆಚ್ಚಿದಳು. ನಿಜವಾಗಿ ಬೆಚ್ಚಿದಳು, ನನ್ನ ದನಿಗೆ.

ಪಿಕ್ಚರ್‌ನಲ್ಲಿ ದನಿ ಕೇಳುವುದಿಲ್ಲವಲ್ಲ! ಯಾರಿಗೂ ಇದು ಹೊಳೆದಿರಲಿಲ್ಲ. ಯಜಮಾನರು ನನ್ನನ್ನೇ ನೋಡಿದರು. ಆಮೇಲೆ ಒಂದು ಸ್ಟೂಲು ತರಿಸಿ ಕ್ಯಾಮೆರಾದ ಪಕ್ಕದಲ್ಲಿ ಹಾಕಿಸಿದರು.

ಪಾಪ, ಇವತ್ತು ಅವಳು ಬೈಸಿಕೊಳ್ಳುವುದಾದರೂ ತಪ್ಪಿತು.

ಫೆಬ್ರವರಿ ೮

ಸಂಜೆ ಯಜಮಾನರು ಮರುದಿನದ ದೃಶ್ಯಗಳನ್ನು ನನಗೇ ಹೇಳಿ ಕಳಿಸುತ್ತಾರೆ. ಊಟವಾದ ಮೇಲೆ ಕನ್ನಡಿಯ ಮುಂದೆ ನಿಂತು ನಾನು ಮೊದಲು ಮಾಡಿ ನೋಡುತ್ತೇನೆ. ಕತ್ತು ಎಷ್ಟು ವಾಲಿದರೆ ದುಃಖ, ಎಷ್ಟು ವಾಲಿದರೆ ನಾಟಕ ಎಂಬುದು ಈಗ ತಿಳಿಯತೊಡಗಿದೆ. ಆಮೇಲೆ ಫೀನಾಳ ತೋಳು ಹಿಡಿದು ಹಾಗೇ ಮಾಡಿಸುತ್ತೇನೆ. ಅವಳಿಗೆ ಬೇಗ ದಣಿವಾಗುತ್ತದೆ. “ಸಾಕು ಅಕ್ಕಾ, ಕಣ್ಣು ಉರೀತಿದೆ” ಎನ್ನುತ್ತಾಳೆ. ಕೈ ಎತ್ತಲು ಕಣ್ಣು ಯಾಕೆ ಬೇಕು?

ಇವತ್ತು ತಾಯಿ ಮಗುವಿನ ಶವ ನೋಡುವ ದೃಶ್ಯ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಡಿ ತಿರುಗಿಸುವವನ ಕಣ್ಣಲ್ಲೂ ನೀರು. ಚೆನ್ನಾಗಿ ಅತ್ತೆವು.

ಪಿಟೀಲಿನ ಗಲಾಟೆಯಲ್ಲಿ ನನ್ನ ಮಾತು ಅವಳಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಯಜಮಾನರಿಗೆ ಹೇಳಿದೆ. ಎವಾಜಿಯೋನನ್ನು ನಾಳೆಯಿಂದ ಸಾಮಾನು ಜೋಡಿಸುವ ಕೆಲಸಕ್ಕೆ ಹಾಕಿದ್ದಾರೆ. ಪಾಪದವನು, ಆದರೆ ಬೇರೆ ದಾರಿಯಿರಲಿಲ್ಲ.

ಮಾರ್ಚ್ ೨೪, ಶನಿವಾರ

ಪಿಕ್ಚರ್ ತೆರೆಕಂಡಿತು. ವಿಯಾ ಪೋ ಬೀದಿಯ ಕಮಾನುಗಳ ಕೆಳಗೆ ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಫೀನಾಳ ತೋಳು ಹಿಡಿದು, “ಈಗ ತಲೆಬಾಗು, ಈಗ ನಗು” ಎನ್ನುತ್ತ ಒಳಗೆ ಕರೆದೊಯ್ದೆ. ಮುಂದಿನ ಸಾಲಿನಲ್ಲಿ ಕೂತೆವು.

ದೀಪ ಆರಿತು. ಸ್ವಲ್ಪ ಹೊತ್ತಿಗೆ ಅವಳು ನನ್ನ ಕಿವಿಗೆ ಬಗ್ಗಿದಳು. “ಅಕ್ಕಾ, ಶುರುವಾಯ್ತಾ?”

“ಆಯ್ತಲ್ಲೇ. ನೀನು ಬಾಗಿಲಲ್ಲಿ ನಿಂತಿದ್ದೀ.”

“ಹೇಗಿದ್ದೀನಿ?”

“ಚೆನ್ನಾಗಿದ್ದೀ.”

“ಬಿಳಿಯ ಒಂದು ತುಂಡು ಅಲ್ಲಾಡ್ತಿದೆ ಅಷ್ಟೇ. ಅದೇ ನಾನಾ?”

ಹಿಂದಿನಿಂದ ಯಾರೋ ಬಿಕ್ಕುವುದು ಕೇಳಿಸಿತು. ಆಮೇಲೆ ಇಡೀ ಥಿಯೇಟರೇ ಅಳತೊಡಗಿತು. ಫೀನಾ ತಿರುಗಿ ಆ ಕತ್ತಲೆಗೆ ಕಿವಿಗೊಟ್ಟು ಕೂತಿದ್ದಳು. “ಯಾಕಳ್ತಿದ್ದಾರೆ? ಈಗ ಏನಾಗ್ತಿದೆ? ಹೇಳೇ” ಎಂದು ತೋಳು ಹಿಡಿದು ಎಳೆದಳು. ನಾನು ಹೇಳಲಿಲ್ಲ, ನೋಡುತ್ತಿದ್ದೆ. ಮಗುವಿನ ಮೇಲಿನ ಬಟ್ಟೆ ಸರಿಸಲು ಕೈ ಚಾಚಿ, ಅರ್ಧದಲ್ಲೇ ಹಿಂದೆಗೆಯುವುದಿದೆಯಲ್ಲ, ಅದು ನನ್ನದು. ಕನ್ನಡಿಯ ಮುಂದೆ ಮೂರು ಸಂಜೆ ಮಾಡಿದ್ದೆ.

ಪತ್ರಿಕೆಯವರು ಹೊರಗೆ ಸುತ್ತುವರಿದರು. “ಆ ಕಣ್ಣುಗಳು! ಈ ಲೋಕ ದಾಟಿ ಆಚೆ ನೋಡೋ ಹಾಗಿವೆ!” ಎಂದು ಒಬ್ಬ ಕಿರುಚಿದ. ಫೀನಾ ಅವನ ದನಿಯಿದ್ದ ಕಡೆ ತಿರುಗಿ ನಕ್ಕಳು. ಅವನು ಅಲ್ಲಿಂದ ಆಗಲೇ ಸರಿದುಹೋಗಿದ್ದ.

ಮೇ ೧೫

ಡಾಕ್ಟರ್ ಒಲಿವೇರೋ ಪರೀಕ್ಷೆ ಮುಗಿಸಿ ನನ್ನನ್ನು ಹೊರಗಿನ ಕೋಣೆಗೆ ಕರೆದರು. ಫೀನಾ ಒಳಗೆ ನರ್ಸ್ ಜತೆ ಹರಟುತ್ತಿದ್ದಳು.

“ಬಲಗಣ್ಣು ಹೋಯ್ತು. ಎಡಗಣ್ಣು ಇನ್ನೂ ಉಳಿಯುತ್ತೆ. ಇವತ್ತೇ ನಿಲ್ಲಿಸಿದ್ರೆ ಮಾತ್ರ. ಇವತ್ತೇ ಅಂದೆ, ಕೇಳಿಸ್ತಾ?”

ಕೇಳಿಸಿತು. ಗಾಡಿಯಲ್ಲಿ ಕೂತ ಮೇಲೆ ಫೀನಾ, “ಏನಂದ್ರು?” ಎಂದು ಕೇಳಿದಳು. ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಅವಳ ಮುಖ ನೋಡಿದರೆ ಧೈರ್ಯ ಬರಲಿಲ್ಲ. ಹೊಸ ಪಿಕ್ಚರ್ ಅರ್ಧಕ್ಕೆ ಬಂದಿದೆ, ಈಗ ಹೇಳಿದರೆ ಕುಸಿದುಬಿಡುತ್ತಾಳೆ. ಅತ್ತ ಕೆಲಸವೂ ಇಲ್ಲ, ಇತ್ತ ಕಣ್ಣೂ ಇಲ್ಲ ಎಂದಾಗಬಾರದು.

“ಎರಡೂ ನಿಧಾನಕ್ಕೆ ವಾಸಿಯಾಗ್ತಿದೆಯಂತೆ” ಎಂದೆ.

ಅವಳು ನನ್ನ ಭುಜಕ್ಕೆ ಒರಗಿದಳು. “ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ.”

ಈ ಪಿಕ್ಚರ್ ಮುಗಿದ ದಿನವೇ ಹೇಳುತ್ತೇನೆ. ಖಂಡಿತ.

ಜುಲೈ ೨

ಆ ಪಿಕ್ಚರ್ ಮುಗಿಯಿತು. ಮುಂದಿನದು ಇನ್ನೂ ದೊಡ್ಡದು. ಯಜಮಾನರು ನನ್ನನ್ನು ಕೂರಿಸಿಕೊಂಡೇ ಕಥೆ ಬರೆಸಿದರು.

ಆಗಸ್ಟ್ ೨೫

ಊರಲ್ಲಿ ರೊಟ್ಟಿಯಿಲ್ಲವೆಂದು ಹೆಂಗಸರು ಬೀದಿಗಿಳಿದಿದ್ದಾರೆ. ಬೋರ್ಗೋ ಸಾನ್ ಪಾವ್ಲೋ ಕಡೆ ಟ್ರಾಮ್‌ಗಳನ್ನು ಉರುಳಿಸಿ ರಸ್ತೆ ಕಟ್ಟಿದ್ದಾರಂತೆ, ಗುಂಡಿನ ಸದ್ದು ಇಲ್ಲಿಗೂ ಕೇಳುತ್ತದೆ. ಸ್ಟುಡಿಯೋ ಮುಚ್ಚಿದೆ.

ಫೀನಾ ಅಡುಗೆಮನೆಯಲ್ಲಿ ಪಿನೋತಳ ಜತೆ ನೆಲದ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಾಳೆ. ಕೈಗೆ ಕಣ್ಣು ಬೇಡವಂತೆ. ಆ ಎವಾಜಿಯೋ ಗಲಭೆಯ ನಡುವೆಯೂ ಕುಂಟುತ್ತ ಬಂದು ಪಿಟೀಲು ಹಿಡಿದು ಕೂರುತ್ತಾನೆ.

“ಗುಂಡು ಹಾರ್ತಿರೋವಾಗ ಹೇಗೆ ಬಂದ್ಯೋ?” ಎಂದು ಪಿನೋತಾ ಕೇಳಿದರೆ, “ನನ್ನ ನಡಿಗೆಗೆ ಗುರಿ ಇಡೋಕೆ ಯಾವ ಸಿಪಾಯಿಗೂ ಆಗಲ್ಲಕ್ಕಾ, ಈ ಕಡೆ ಇದ್ದೀನಿ ಅನ್ನೋಷ್ಟರಲ್ಲಿ ಆ ಕಡೆ ವಾಲಿರ್ತೀನಿ” ಎಂದ. ಫೀನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದು ನೋಡಿ ಬಹಳ ಕಾಲವಾಗಿತ್ತು. ನಗುವಾಗ ಬಾಯಿ ತೀರ ಅಗಲವಾಗುತ್ತದೆ, ತೆರೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲ.

ಬೆಳಕು ಇಷ್ಟು ಚೆನ್ನಾಗಿರುವ ದಿನಗಳು ವ್ಯರ್ಥವಾಗುತ್ತಿವೆ. ಮೆಟ್ಟಿಲಿಳಿಯುವ ದೃಶ್ಯವನ್ನಾದರೂ ಅಭ್ಯಾಸ ಮಾಡೋಣ ಬಾ ಎಂದು ಕರೆದೆ. ಫೀನಾ ಕಾಯಿ ಬಿಡಿಸುತ್ತಲೇ ಇದ್ದಳು. ಪಿನೋತಾ ತಲೆಯೆತ್ತಿ ಕೇಳಿದಳು: “ನಿಂಗೆ ತಂಗಿ ಬೇಕೇನೇ ಒಟ್ಟಾವಿಯಾ, ಇಲ್ಲಾ ಗೊಂಬೆ ಬೇಕಾ?”

ಅಡುಗೆಯವಳು ಹೊರಗಿನವರೆದುರು ನನ್ನನ್ನು ಹೀಗೆ ಏಕವಚನದಲ್ಲಿ ಕರೆಯುವುದು ಸರಿಯಲ್ಲ. ಹೇಳಬೇಕು.

ಅಕ್ಟೋಬರ್ ೯

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಇವತ್ತು ಕಥೆಯ ಕೊನೆಯ ದೃಶ್ಯ. ಗಂಡ ಕೈಬಿಟ್ಟ ಹೆಂಡತಿ ಅವನ ಎದುರು ನಿಂತು ಆ ಮೋಸವನ್ನು ಎತ್ತಿ ಕೇಳಬೇಕು. ಮುಖದ ಹತ್ತಿರಕ್ಕೇ ಕ್ಯಾಮೆರಾ, ಎರಡೂ ಬದಿಗೆ ದೀಪ. ಹಿಡಿ ತಿರುಗಿತು. “ಮುಖ ಎತ್ತು ಫೀನಾ. ನಿಧಾನ. ಗಂಡ ಎದುರಿಗಿದ್ದಾನೆ. ಈಗ ತುಟಿ ಅಲ್ಲಾಡಿಸು” ಎಂದೆ.

ಅವಳು ಮುಖವೆತ್ತಿದಳು. ಆದರೆ ಗಂಡನ ಪಾತ್ರದವನ ಕಡೆಗಲ್ಲ, ನನ್ನ ಕಡೆಗೆ, ನನ್ನ ದನಿಯ ಕಡೆಗೆ.

“ಅಕ್ಕಾ, ಮೇ ತಿಂಗಳಲ್ಲಿ ಡಾಕ್ಟ್ರು ಏನಂದ್ರು?”

ಹಿಡಿ ತಿರುಗುತ್ತಲೇ ಇತ್ತು.

“ಆ ಕಡೆ ತಿರುಗು” ಎಂದೆ.

“ಭಾನುವಾರ ಎವಾಜಿಯೋ ನನ್ನ ಅವರ ಹತ್ರ ಕರ್ಕೊಂಡು ಹೋಗಿದ್ದ. ಎಡಗಣ್ಣು ಉಳೀತಿತ್ತಂತೆ. ಆವತ್ತೇ ನಿಲ್ಲಿಸಿದ್ರೆ ಉಳೀತಿತ್ತಂತೆ. ನಿಂಗೆ ಹೇಳಿದ್ರಂತೆ. ಹೌದಾ ಅಕ್ಕಾ?”

ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದು ನಾನು ಹೇಳಿ ತರಿಸಿದ ನೀರಲ್ಲ. ನನ್ನ ಬಾಯಿಂದ ಬಂದದ್ದು ಒಂದೇ ಮಾತು: “ಕೈ ಎತ್ತು.”

ಅವಳು ಕೈ ಎತ್ತಲಿಲ್ಲ. ಎರಡೂ ಕೈ ಜೋತುಬಿಟ್ಟುಕೊಂಡು, ಉರಿಯುವ ದೀಪಗಳ ನಡುವೆ ರೆಪ್ಪೆ ಬಡಿಯದೆ ನನ್ನ ಕಡೆಗೇ ಕಿವಿಗೊಟ್ಟು ನಿಂತಳು, ಸುರುಳಿ ಮುಗಿಯುವವರೆಗೂ.

“ಇದನ್ನೇ ಇಟ್ಕೊಳ್ಳಿ!” ಎಂದು ಯಜಮಾನರು ಕೂಗಿದರು. “ಇನ್ನೊಂದು ಸಲ ಬೇಡ! ಇಂಥ ಮುಖ ಇನ್ನೊಂದು ಸಲ ಬರಲ್ಲ!”

ನಿಜ ಹೇಳಬೇಕೆಂದರೆ, ಬಹಳ ಚೆನ್ನಾಗಿ ಬಂದಿತ್ತು. ಕೈ ಎತ್ತದಿದ್ದದ್ದೇ ಒಳ್ಳೆಯದಾಯಿತು.

ಅಕ್ಟೋಬರ್ ೧೪, ಭಾನುವಾರ

ಹೊರಟುಹೋದಳು. ಕಾಸಾಲೆಯಲ್ಲಿ ಎವಾಜಿಯೋನ ತಾಯಿಯ ಮನೆಗೆ. ಪಿನೋತಳೂ ಗಂಟುಮೂಟೆ ಕಟ್ಟಿಕೊಂಡು ಹಿಂದೆಯೇ ಹೋದಳು.

ಬಾಗಿಲಲ್ಲಿ ಬಹಳ ಬೇಡಿಕೊಂಡೆ. “ಅಲ್ಲಿ ಹೋಗಿ ಏನು ಮಾಡ್ತೀಯೇ? ಕುಂಟನ ಕೈ ಹಿಡ್ಕೊಂಡು ಕುರುಡಿ, ಊರೆಲ್ಲ ನಗುತ್ತೆ.”

“ನಗಲಿ ಬಿಡು. ನಂಗೇನು ಕಾಣಿಸುತ್ತಾ?”

“ನಿನಗಾಗಿ ನಾನು ಮದುವೆ ಆಗಲಿಲ್ಲ, ಮಕ್ಕಳು ಮರಿ ಕಾಣಲಿಲ್ಲ. ನಾನೇನು ನಿನಗೆ ಕೆಟ್ಟದ್ದು ಬಯಸಿದ್ನಾ? ಯಜಮಾನ್ರ ಕೈಯಲ್ಲಿ ಸಿಕ್ಕಿಹಾಕಿಕೊಂಡಿದ್ವಿ, ನಾನೇನು ಮಾಡೋಕಾಗ್ತಿತ್ತು, ಹೇಳು?”

ಅವಳು ತಡವಿ ನನ್ನ ಮುಖ ಹುಡುಕಿದಳು. ಎರಡೂ ಅಂಗೈಯಲ್ಲಿ ಕೆನ್ನೆ ಹಿಡಿದಳು.

“ನಿನ್ನ ಮೇಲೆ ಸಿಟ್ಟಿಲ್ಲ ಅಕ್ಕಾ. ಆದ್ರೆ ಬೆಳಿಗ್ಗೆ ಎದ್ರೆ ನಿನ್ನ ದನಿ ಹೇಳೋವರೆಗೂ ನಂಗೆ ಕೈ ಎತ್ತೋಕೆ ಬರಲ್ಲ, ನಗೋಕೆ ಬರಲ್ಲ. ಸ್ವಲ್ಪ ದಿನ ನಿನ್ನ ದನಿ ಇಲ್ದಿರೋ ಕಡೆ ಇರ್ತೀನಿ.”

ಮೆಟ್ಟಿಲಿಳಿಯುವಾಗ, “ಜೋಪಾನ, ಅಲ್ಲಿ ತಿರುವಿದೆ” ಎಂದು ಕೂಗಿದೆ. ಅವಳು ಅಷ್ಟರಲ್ಲಾಗಲೇ ತಿರುಗಿದ್ದಳು.

ಅಕ್ಟೋಬರ್ ೩೦

ಕಪೊರೆತ್ತೋದಲ್ಲಿ ನಮ್ಮ ಸೈನ್ಯ ಮುರಿದುಬಿತ್ತು. ಎಲ್ಲರೂ ಅಳುತ್ತಿದ್ದಾರೆ. ಮನೆಯಲ್ಲಿ ನಾನೊಬ್ಬಳೇ.

ಡಿಸೆಂಬರ್ ೪

ಮನೆ ಖಾಲಿ ಮಾಡು ಎನ್ನುತ್ತಾರೆಂದು ಎದುರುನೋಡುತ್ತಿದ್ದೆ. ಯಜಮಾನರೇ ಬಂದರು.

“ಹೊಸ ಹುಡುಗಿ ಸಿಕ್ಕಿದ್ದಾಳೆ. ನೊವಾರಾ ಕಡೆಯವಳು, ಗದ್ದೆಯಲ್ಲಿ ಕಳೆ ಕೀಳ್ತಿದ್ದಳು. ಉದ್ದ, ಮೈಮಾಟ ಎಲ್ಲ ಸರಿಯಾಗಿದೆ. ದೂರದಿಂದ ನೋಡಿದ್ರೆ ಜನಕ್ಕೆ ಗೊತ್ತಾಗಲ್ಲ. ಹತ್ತಿರದಿಂದ ಗೊತ್ತಾಗದ ಹಾಗೆ ನೀವು ಮಾಡ್ಬೇಕು. ಸೆಲೇನಾ ಮೋರಾ ಹೇಗೆ ನಡೀತಾಳೆ, ಹೇಗೆ ಅಳ್ತಾಳೆ ಅನ್ನೋದು ನಿಮ್ಮನ್ನ ಬಿಟ್ರೆ ಇನ್ಯಾರಿಗೆ ಗೊತ್ತು?”

ಒಲ್ಲೆನೆಂದು ಎಲ್ಲಿಗೆ ಹೋಗಲಿ? ಬೋರ್ಗೋ ದೋರಾಕ್ಕೆ ವಾಪಸ್ಸು ಹೋಗಿ ಈ ವಯಸ್ಸಿನಲ್ಲಿ ಸೂಜಿ ಹಿಡಿಯಲೇ? ನಾನು ಹೋಗದಿದ್ದರೆ ಆ ಹುಡುಗಿಯ ಮೇಲೆ ಇನ್ನೂ ಜೋರು ಮಾಡುತ್ತಾರೆ.

ಡಿಸೆಂಬರ್ ೧೧

ಹುಡುಗಿಯ ಹೆಸರು ಇಲ್ದೆಗೋಂದಾ. ಈ ಹೆಸರನ್ನು ಇನ್ನು ಯಾರೂ ಕರೆಯುವುದಿಲ್ಲ. ಹದಿನೆಂಟು ತುಂಬಿದೆ ಎನ್ನುತ್ತಾಳೆ, ನನಗೆ ನಂಬಿಕೆಯಿಲ್ಲ. ನಡಿಗೆಯಲ್ಲಿ ಇನ್ನೂ ಗದ್ದೆಯ ಕೆಸರಿದೆ. ಹೇಳಿದ್ದನ್ನು ಮಾತ್ರ ಬೇಗ ಕಲಿಯುತ್ತಾಳೆ. ನಾನು ದನಿ ಎತ್ತಿದರೆ ಸಾಕು, ಮೈಯೆಲ್ಲ ಕಿವಿಯಾಗುತ್ತಾಳೆ.

ಮಧ್ಯಾಹ್ನ ಬಿಡುವಿನಲ್ಲಿ ನನ್ನ ಸ್ಟೂಲಿನ ಹತ್ತಿರ ಬಂದು ನಿಂತಳು. ಕಣ್ಣು ಕೆಂಪಗಾಗಿ ನೀರು ಸೋರುತ್ತಿತ್ತು.

“ಅಮ್ಮಾವ್ರೇ, ನಿಮ್ಮ ತಂಗಿ ಇಷ್ಟು ಒಳ್ಳೇ ಕೆಲಸ ಯಾಕೆ ಬಿಟ್ರು?”

“ಮದುವೆಯಾಗಿ ಹೋದಳು” ಎಂದೆ. ಸುಳ್ಳೇನಲ್ಲ, ಇಷ್ಟು ಹೊತ್ತಿಗೆ ಆಗಿರಲೂಬಹುದು.

“ಅದೃಷ್ಟವಂತರು” ಎಂದು ಅವಳು ನಕ್ಕು, ಮುಂಗೈಯಿಂದ ಕಣ್ಣುಜ್ಜಿಕೊಳ್ಳಲು ಹೋದಳು.

ನಾನು ಅವಳ ಕೈ ಹಿಡಿದು ಕೆಳಗಿಳಿಸಿದೆ. ಉಜ್ಜಬೇಡ ಮಗಳೇ, ಬಣ್ಣ ಅಳಿಸಿಹೋಗುತ್ತೆ ಎಂದೆ.